ಒಲೆಯಡಿಯ ಕಟ್ಟೆ ಬಿರಿದಾಗ: ಸಿಮೆಂಟು ಕಲಸುವ ಮುನ್ನ

ನಮ್ಮ ಹಳೇ ಮನೆಯಲ್ಲಿ ನೆಲದೊಲೆ ಇತ್ತು. ಬಗ್ಗಿ ಬಗ್ಗಿ ಊದಿ ಅತ್ತೆಯ ಸೊಂಟ ಹೋಗಿತ್ತು. ಹೊಸ ಮನೆ ಕಟ್ಟಿಸುವಾಗ ನಿಂತು ಅಡುಗೆ ಮಾಡುವ ಹಾಗಿರಲಿ ಎಂದು ಗೋಡೆಯಿಂದ ಗೋಡೆಗೆ ಮೂರಿಂಚಿನ ಕಾಂಕ್ರೀಟ್ ಸ್ಲ್ಯಾಬು ಹಾಕಿಸಿ, ಅದರ ಮೇಲೆ ರೆಡ್ ಆಕ್ಸೈಡ್ ಗಾರೆ ತಿಕ್ಕಿಸಿ, ಮಣ್ಣಿನ ಜೋಡೊಲೆ ಕೂರಿಸಿದೆವು. ಕೆಳಗಿನ ಗೂಡಿನಲ್ಲಿ ಸೌದೆ. ಮೊದಲ ಮಳೆಗಾಲ ಮುಗಿಯುವುದರೊಳಗೆ ಒಲೆಬಾಯಿಯಿಂದ ಕಟ್ಟೆಯ ಅಂಚಿನವರೆಗೆ ಕೂದಲೆಳೆಯಂಥ ಗೆರೆ ಬಿತ್ತು. ಸಿಮೆಂಟು ಮೆತ್ತಿದೆವು. ಮೂರು ತಿಂಗಳಿಗೆ ಅಲ್ಲೇ ಮತ್ತೆ ಬಿಟ್ಟಿತು. ಇನ್ನಷ್ಟು ಗಟ್ಟಿಯಾಗಿ ಕಲಸಿ ಮೆತ್ತಿದೆವು. ಮೂರನೆಯ ಸಲ ಮೆತ್ತಿದ್ದು ಹಪ್ಪಳದ ಹಾಗೆ ಇಡಿಯಾಗಿ ಎದ್ದು ಕೈಗೆ ಬಂದಾಗ ಅತ್ತೆ ಕೇಳಿದ್ದು ಒಂದೇ ಮಾತು: "ಬೆಂಕಿ ಹತ್ರ ಸಿಮೆಂಟಿಗೆ ಎಂಥಾ ಕೆಲಸ?"

ಅವರು ಹೇಳಿದ್ದು ಸರಿಯೇ ಇತ್ತು. ಕಾರಣ ಗೊತ್ತಾಗಲು ನನಗೆ ಎರಡು ವರ್ಷ ಬೇಕಾಯಿತು. ಅಡುಗೆ ಒಲೆ, ಬಚ್ಚಲ ಹಂಡೆಯೊಲೆ, ಅಡಿಕೆ ಬೇಯಿಸುವ ಒಲೆ, ಯಾವುದರ ಕಟ್ಟೆ ಬಿರಿದಿದ್ದರೂ ಕರಣೆ ಹಿಡಿಯುವ ಮೊದಲು ಇದನ್ನು ಓದಿ.

ಕಟ್ಟೆಯೊಳಗೆ ಆಗುವುದೇನು

ಒಳ್ಳೇ ಸೌದೆಯ ಕೆಂಡ ಕೆಂಪಗೆ ಉರಿಯುವಾಗ 700-800 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಸಿಮೆಂಟು ಇದಕ್ಕೆ ಹುಟ್ಟಿದ್ದಲ್ಲ. 100 ಡಿಗ್ರಿ ದಾಟುತ್ತಿದ್ದಂತೆ ಅದರೊಳಗೆ ಉಳಿದ ನೀರು ಆವಿಯಾಗಿ ಹೊರಬರಲು ದಾರಿ ಹುಡುಕುತ್ತದೆ. 300 ದಾಟಿದ ಮೇಲೆ ಕಾಂಕ್ರೀಟಿನ ಕಸುವು ಇಳಿಯುತ್ತ ಹೋಗುತ್ತದೆ. 400ರಿಂದ 500ರ ನಡುವೆ ಸಿಮೆಂಟಿನೊಳಗಿನ ಸುಣ್ಣದ ಅಂಶ ನೀರು ಕಳೆದುಕೊಂಡು ಸುಟ್ಟ ಸುಣ್ಣವಾಗುತ್ತದೆ. ಸುಟ್ಟ ಸುಣ್ಣದ ಗುಣ ನಮಗೆ ಗೊತ್ತೇ ಇದೆ, ನೀರು ಬಿದ್ದರೆ ಅರಳುತ್ತದೆ. ರಾತ್ರಿ ಅಡುಗೆ ಮುಗಿದ ಮೇಲೆ ಕಟ್ಟೆ ತೊಳೆಯಲು ಒಂದು ಚೊಂಬು ನೀರು ಸುರಿಯುತ್ತೇವಲ್ಲ, ಆಗ ಕಟ್ಟೆಯ ಹೊಟ್ಟೆಯೊಳಗೆ ಸುಣ್ಣ ಅರಳಿ ಗಾರೆಯನ್ನು ಎತ್ತುತ್ತದೆ. ನಮ್ಮ ಹಪ್ಪಳ ಎದ್ದದ್ದು ಹೀಗೆ. ಬೆಂಕಿಯ ದಿನ ತಡೆದುಕೊಂಡ ಕಟ್ಟೆ ಕೆಲವು ವಾರ ಬಿಟ್ಟು, ಒಲೆ ತಣ್ಣಗಿರುವಾಗಲೇ ಬಿರಿಯುವುದೂ ಇದೇ ಕಾರಣಕ್ಕೆ.

ಇನ್ನು ಹಿಗ್ಗುವ ವಿಚಾರ. ಒಂದು ಮೀಟರ್ ಕಾಂಕ್ರೀಟು 300 ಡಿಗ್ರಿಯಷ್ಟು ಬಿಸಿ ಏರಿದರೆ ಸುಮಾರು 3 ಮಿಲಿಮೀಟರ್ ಉದ್ದವಾಗುತ್ತದೆ. ಕಟ್ಟೆ ಎರಡೂ ಕಡೆ ಗೋಡೆಗೆ ಕಚ್ಚಿಕೊಂಡಿದ್ದರೆ ಆ 3 ಮಿಲಿಮೀಟರಿಗೆ ಜಾಗವೇ ಇಲ್ಲ. ಒಲೆಯಡಿಯ ಎರಡಡಿ ಜಾಗ ಸುಡುತ್ತಿರುತ್ತದೆ, ಪಕ್ಕದಲ್ಲೇ ಪಾತ್ರೆ ಇಡುವ ಜಾಗ ತಣ್ಣಗಿರುತ್ತದೆ. ಬಿಸಿ ಭಾಗ ಹಿಗ್ಗಲು ನೋಡುತ್ತದೆ, ತಣ್ಣನೆಯದು ಜಪ್ಪಯ್ಯ ಅಂದರೂ ಜಗ್ಗುವುದಿಲ್ಲ. ಇಬ್ಬರ ಜಗಳದಲ್ಲಿ ನಡುವೆ ಸೀಳುತ್ತದೆ.

ಕಲ್ಲು ಹಾಸಿದರೆ ಸರಿಹೋದೀತು ಎನ್ನುವವರು ಇದ್ದಾರೆ. ಗ್ರಾನೈಟಿನಲ್ಲಿ ಬೆಣಚುಕಲ್ಲಿನ ಅಂಶ ಇರುತ್ತದೆ. 573 ಡಿಗ್ರಿಗೆ ಬೆಣಚಿನ ಹರಳಿನ ಕಟ್ಟು ಬದಲಾಗಿ ಅದು ಒಮ್ಮೆಲೇ ಉಬ್ಬುತ್ತದೆ, ಕಲ್ಲು ಸಿಡಿಯುತ್ತದೆ. ಕಡಪ ಕಲ್ಲು ಪದರ ಪದರವಾಗಿ ಇರುವಂಥದ್ದು, ಬೆಂಕಿಗೆ ಬಿದ್ದರೆ ಪದರ ಬಿಡುತ್ತದೆ. ಎರಡೂ ಪಾತ್ರೆ ಇಡುವ ಕಡೆಗೆ ಚೆಂದ, ಕೆಂಡದಡಿಗೆ ಬೇಡ.

ಮೊದಲು ಒಲೆ ಆರಿಸಿ, ಕೆಳಗೆ ಬಗ್ಗಿ ನೋಡಿ

ಎರಡು ದಿನ ಒಲೆ ಹಚ್ಚಬೇಡಿ. ಬಿಸಿ ಕಟ್ಟೆಯಲ್ಲಿ ಬಿರುಕು ಮುಚ್ಚಿಕೊಂಡಿರಬಹುದು ಇಲ್ಲವೇ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣಬಹುದು. ಬೂದಿ ಪೂರ್ತಿ ತೆಗೆದು, ಒಣ ಬಟ್ಟೆಯಲ್ಲಿ ಒರೆಸಿ. ನೀರು ಹಾಕಬೇಡಿ.

ಕಟ್ಟೆಯ ಕೆಳಗೆ ಗೂಡು ಇದ್ದರೆ ಅದರೊಳಗಿನ ಸೌದೆ, ಕರಟ, ಅಡಿಕೆ ಸಿಪ್ಪೆ ಎಲ್ಲ ಹೊರಗೆ ಹಾಕಿ. ಗ್ಯಾಸ್ ಸಿಲಿಂಡರ್ ಅಲ್ಲಿದ್ದರೆ ಇವತ್ತೇ ಜಾಗ ಬದಲಿಸಿ. ಈಚೆಗೆ ಒಂದೇ ಕಟ್ಟೆಯ ಒಂದು ತುದಿಗೆ ಸೌದೆ ಒಲೆ, ಇನ್ನೊಂದು ತುದಿಗೆ ಗ್ಯಾಸ್ ಒಲೆ ಇಡುವುದು ರೂಢಿಯಾಗಿದೆ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಗೂಡಿನೊಳಗೇ ಮಡುಗಟ್ಟಿ ನಿಲ್ಲುತ್ತದೆ. ಬಿರುಕಿನಿಂದ ಒಂದು ಕಿಡಿ ಉದುರಿದರೂ ಸಾಕು. ಈ ಲೇಖನದಲ್ಲಿ ಬೇರೆ ಏನನ್ನು ಬಿಟ್ಟರೂ ಇದೊಂದನ್ನು ಬಿಡಬೇಡಿ.

ಈಗ ಗೂಡಿನ ಒಳಗೆ ಟಾರ್ಚು ಹಾಕಿ ಸ್ಲ್ಯಾಬಿನ ತಳ ನೋಡಿ. ಹಗಲಾಗಿದ್ದರೆ ಒಬ್ಬರು ಮೇಲಿನಿಂದ ಬಿರುಕಿನ ಮೇಲೆ ಟಾರ್ಚು ಹಿಡಿಯಲಿ, ನೀವು ಕತ್ತಲೆಯ ಗೂಡಿನೊಳಗಿಂದ ನೋಡಿ. ಬೆಳಕು ಕಂಡರೆ ಬಿರುಕು ಆರುಪಾರು ಹೋಗಿದೆ ಎಂದೇ ಅರ್ಥ.

ಬಿರುಕನ್ನು ಓದುವುದು

ಎಲ್ಲ ಬಿರುಕೂ ಒಂದೇ ಅಲ್ಲ. ಗಾರೆಯ ಮೇಲೆ ಬಲೆ ಹರಡಿದ ಹಾಗೆ ಸಣ್ಣ ಸಣ್ಣ ಗೆರೆ ಇದ್ದು ಉಗುರು ಕೂಡ ಸಿಕ್ಕಿಕೊಳ್ಳದಿದ್ದರೆ ಅದು ಗಾರೆ ಒಣಗುವಾಗ ಬಿದ್ದದ್ದು. ನೋಡಲು ಚೆಂದವಿಲ್ಲ ಅಷ್ಟೇ.

ಒಲೆಬಾಯಿಯ ನಡುವಿನಿಂದ ನೇರ ಅಂಚಿಗೆ ಬಂದ ಒಂಟಿ ಗೆರೆ ಬಿಸಿಯ ಹಿಗ್ಗಿನದು. ನಮ್ಮದು ಈ ಜಾತಿ.

ಒಲೆಬಾಯಿಯ ಎರಡೂ ಮೂಲೆಯಿಂದ ಓರೆಯಾಗಿ ಹೊರಟ ಜೋಡಿ ಗೆರೆ ಕಂಡರೆ ಕಬ್ಬಿಣ ಹುಡುಕಿ. ಅಂಚು ಒಡೆಯದಿರಲಿ ಎಂದು ಬಾಯಿಗೆ ಕೂರಿಸಿದ ಆಂಗಲ್, ಅಥವಾ ಹಂಡೆ ಹೊರುವ ಸರಳು ಸಿಮೆಂಟಿನಲ್ಲಿ ಬಿಗಿಯಾಗಿ ಹೂತಿರುತ್ತದೆ. ಮೂರಡಿ ಕಬ್ಬಿಣದ ಸರಳು 400 ಡಿಗ್ರಿ ಬಿಸಿಯೇರಿದರೆ 4 ಮಿಲಿಮೀಟರಿಗೂ ಹೆಚ್ಚು ಉದ್ದವಾಗುತ್ತದೆ. ಎರಡು ತುದಿಯಲ್ಲೂ ಗೋಡೆಯನ್ನು ಒದೆಯುತ್ತದೆ. ಬಚ್ಚಲ ಒಲೆ ಬಿರಿದ ಮನೆಗಳಲ್ಲಿ ನಾನು ಹೆಚ್ಚಾಗಿ ಕಂಡ ಕಾರಣ ಇದು. ಮೇಸ್ತ್ರಿಗಳು ಗಟ್ಟಿ ಬರಲಿ ಎಂದು ಇನ್ನೊಂದು ಸರಳು ಸೇರಿಸುತ್ತಾರೆ, ಕಟ್ಟೆ ಇನ್ನೊಂದು ಕಡೆ ಬಿಡುತ್ತದೆ.

ಒಂದು ತುದಿ ಅಗಲ, ಇನ್ನೊಂದು ತುದಿ ಸಪೂರವಾಗಿದ್ದು, ಗೆರೆ ಗೋಡೆಗೋ ನೆಲಕ್ಕೋ ಮುಂದುವರಿದಿದ್ದರೆ ತಪ್ಪು ಬೆಂಕಿಯದಲ್ಲ. ಅಡಿಯ ಮಣ್ಣು ಕುಸಿದಿದೆ. ಹೆಗ್ಗಣದ ಬಿಲ, ಬಚ್ಚಲ ನೀರಿನ ಇಂಗು, ಸರಿಯಾಗಿ ದಮ್ಮಸು ಮಾಡದೆ ತುಂಬಿದ ಮಣ್ಣು, ಇವುಗಳಲ್ಲಿ ಒಂದು ಇದ್ದೇ ಇರುತ್ತದೆ. ಅದನ್ನು ಸರಿ ಮಾಡದೆ ಒಲೆಗೆ ಎಷ್ಟು ಮಣ್ಣು ಮೆತ್ತಿದರೂ ದಂಡ.

ಸ್ಲ್ಯಾಬಿನ ತಳದಲ್ಲಿ ಚಕ್ಕೆ ಉದುರಿ ತುಕ್ಕಿನ ಕಲೆ ಅಥವಾ ಸರಳೇ ಕಂಡರೆ ಅಲ್ಲಿಗೆ ನಿಲ್ಲಿಸಿ. ಅದು ರಿಪೇರಿಯ ಕೆಲಸ ಅಲ್ಲ, ಕೆಡವುವ ಕೆಲಸ. ಒಲೆಯ ಭಾರ ಇಳಿಸಿ, ಸ್ಲ್ಯಾಬಿಗೆ ಮರದ ಊರೆ ಕೊಟ್ಟು, ತಿಳಿದ ಮೇಸ್ತ್ರಿಯನ್ನು ಕರೆಸಿ.

ಇನ್ನೂ ಅನುಮಾನವಿದ್ದರೆ ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುತ್ತ ಹೋಗಿ. ಗಟ್ಟಿ ಜಾಗ ಟಣ್ ಎನ್ನುತ್ತದೆ, ಒಳಗೆ ಪೊಳ್ಳಾದದ್ದು ಡಬ್ ಎನ್ನುತ್ತದೆ, ಹಲಸಿನ ಹಣ್ಣು ತಟ್ಟಿ ನೋಡಿದ ಹಾಗೆಯೇ. ರೆಡ್ ಆಕ್ಸೈಡ್ ಇಲ್ಲದ ಕಡೆ ಒಂದು ಚಕ್ಕೆ ಎಬ್ಬಿಸಿ ಬಣ್ಣವನ್ನೂ ನೋಡಬಹುದು. 300 ಡಿಗ್ರಿಗಿಂತ ಮೇಲೆ ಕಾದ ಕಾಂಕ್ರೀಟು ಬಹುಮಟ್ಟಿಗೆ ನಸುಗೆಂಪಿಗೆ ತಿರುಗಿರುತ್ತದೆ, 600 ದಾಟಿದ್ದು ಬಿಳಿಚು ಬೂದು ಬಣ್ಣಕ್ಕೆ. ನಸುಗೆಂಪು ಎಷ್ಟು ಆಳಕ್ಕೆ ಇಳಿದಿದೆಯೋ ಅಷ್ಟು ಭಾಗದ ಕಸುವನ್ನು ನಂಬುವಂತಿಲ್ಲ.

ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದು ತಾರೀಖು ಬರೆಯಿರಿ. ಒಲೆ ಬಳಸಲೇಬೇಕಾದ ಮನೆಯಾಗಿದ್ದು, ಬಿರುಕು ಆರುಪಾರು ಹೋಗಿಲ್ಲ, ತಳವೂ ಗಟ್ಟಿ ಇದೆ ಎಂದಾದರೆ ಸಣ್ಣ ಉರಿಯಲ್ಲಿ ಒಂದು ತಿಂಗಳು ಬಳಸಿ ನೋಡಿ. ಗೆರೆ ಗುರುತು ದಾಟಿ ಮುಂದೆ ಹೋಯಿತೇ? ಹೋಗದಿದ್ದರೆ ಅವಸರವಿಲ್ಲ, ಬೇಸಿಗೆಯವರೆಗೆ ಕಾಯಬಹುದು. ಮಣ್ಣಿನ ಕೆಲಸಕ್ಕೆ ಬೇಸಿಗೆಯೇ ಸರಿ.

ಮಣ್ಣಿನ ಒಲೆ ಮಾತ್ರ ಬಿರಿದಿದ್ದರೆ

ಇದು ಹಗುರದ ಕೆಲಸ, ಮನೆಯವರೇ ಮಾಡಬಹುದು. ಹುತ್ತದ ಮಣ್ಣು ಸಿಕ್ಕರೆ ಒಳ್ಳೆಯದು, ಗೆದ್ದಲು ಅದನ್ನು ಆಗಲೇ ಸೋಸಿ ನುಣ್ಣಗೆ ಮಾಡಿರುತ್ತದೆ. ಆದರೆ ಬರೀ ಜೇಡಿ ಇದ್ದರೆ ಒಣಗುವಾಗ ಕುಗ್ಗಿ ಹೊಸ ಬಿರುಕು ಬಿಡುತ್ತದೆ. ಅದಕ್ಕೆ ಹಳೇ ಹಂಚು ಅಥವಾ ಇಟ್ಟಿಗೆ ಕುಟ್ಟಿದ ಪುಡಿ ಸೇರಿಸಬೇಕು. ಒಮ್ಮೆ ಬೆಂದ ಮಣ್ಣು ಎರಡನೇ ಸಲ ಕುಗ್ಗುವುದಿಲ್ಲ. ನಮ್ಮ ಕಡೆಯ ಕೆಂಪು ಮಣ್ಣಿಗೆ ಎರಡು ಬುಟ್ಟಿಗೆ ಒಂದು ಬುಟ್ಟಿ ಹಂಚಿನ ಪುಡಿ, ಅರ್ಧ ಬುಟ್ಟಿ ಭತ್ತದ ಉಮಿ, ಒಂದಿಷ್ಟು ಸಗಣಿ ಹೊಂದಿತು.

ನಿಮ್ಮ ಮಣ್ಣು ಬೇರೆ. ಹಾಗಾಗಿ ಅಳತೆ ಬದಲಿಸಿ ಅಂಗೈಯಗಲದ ಮೂರು ಬಿಲ್ಲೆ ತಟ್ಟಿ, ಒಂದೊಂದಕ್ಕೂ ಕಡ್ಡಿಯಲ್ಲಿ ಗುರುತು ಹಾಕಿ, ನೆರಳಿನಲ್ಲಿ ಒಣಗಿಸಿ. ಬಿರಿದದ್ದನ್ನು ಬಿಡಿ, ಉಗುರಿನಲ್ಲಿ ಕೆರೆದರೆ ಉದುರುವುದನ್ನೂ ಬಿಡಿ. ಉಳಿದದ್ದೇ ನಿಮ್ಮ ಅಳತೆ. ಕೆಲವರು ಉಪ್ಪು ಹಾಕಲು ಹೇಳುತ್ತಾರೆ. ಮಲೆನಾಡಿನ ಮಳೆಗಾಲದಲ್ಲಿ ಉಪ್ಪು ತೇವ ಎಳೆಯುತ್ತದೆ, ನಾನು ಹಾಕುವುದಿಲ್ಲ.

ಕಲಸಿದ ಮಣ್ಣನ್ನು ಒದ್ದೆ ಗೋಣಿ ಮುಚ್ಚಿ ಎರಡು ಮೂರು ದಿನ ಕೊಳೆಯಲು ಬಿಡಿ. ಬಿರುಕನ್ನು ಹಾಗೇ ಮುಚ್ಚಬೇಡಿ. ಹಳೇ ಚಾಕುವಿನಿಂದ ಕೊರೆದು, ಬಾಯಿಗಿಂತ ಹೊಟ್ಟೆ ಅಗಲವಾಗುವ ಹಾಗೆ ಮಾಡಿ, ಆಗ ತುಂಬಿದ ಮಣ್ಣು ಕಚ್ಚಿ ನಿಲ್ಲುತ್ತದೆ. ಧೂಳು ಊದಿ, ನೀರು ಚಿಮುಕಿಸಿ, ಮಣ್ಣನ್ನು ಹೆಬ್ಬೆರಳಿನಲ್ಲಿ ಒತ್ತಿ ಒತ್ತಿ ತುಂಬಿ. ಎಲ್ಲರೂ ಇಲ್ಲಿಗೆ ಮುಗಿಸುತ್ತಾರೆ. ಮುಗಿಸಬೇಡಿ. ಮಾರನೆಯ ದಿನ ಬೆರಳು ಒತ್ತಿದರೆ ಅಚ್ಚು ಬೀಳದಷ್ಟು, ಉಗುರು ಒತ್ತಿದರೆ ಬೀಳುವಷ್ಟು ಒಣಗಿದಾಗ ಮರದ ಸಣ್ಣ ಬಡಿಗೆಯಲ್ಲಿ ಮೆಲ್ಲಗೆ ಬಡಿಯಿರಿ. ಕುಗ್ಗಿ ಬಿಟ್ಟ ಸಂದು ಆಗ ಮತ್ತೆ ಕೂಡಿಕೊಳ್ಳುತ್ತದೆ.

ಒಂದು ಎಚ್ಚರ. ಒಲೆಯ ಒಳಗಡೆ ಮೆತ್ತುತ್ತ ಅದರ ಹೊಟ್ಟೆ ಕಿರಿದಾಗಲು ಬಿಡಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳ ತಂತ್ರಜ್ಞಾನಕ್ಕಾಗಿ ಶುರುಮಾಡಿದ ಅಸ್ತ್ರ ಘಟಕದಿಂದ ಬಂದ ಅಸ್ತ್ರ ಒಲೆ ನಿಮ್ಮಲ್ಲಿದ್ದರಂತೂ ಇನ್ನೂ ಜಾಗ್ರತೆ. ಜಾಳಿಗೆಗೂ ಪಾತ್ರೆಗೂ ನಡುವಿನ ಎತ್ತರ, ಹೊಗೆ ಹೋಗುವ ಕಂಡಿ, ಎಲ್ಲಕ್ಕೂ ಅದರಲ್ಲಿ ಲೆಕ್ಕ ಇದೆ. ಕೈಗೆ ಬಂದ ಹಾಗೆ ಮೆತ್ತಿದರೆ ಬಿರುಕು ಮುಚ್ಚುತ್ತದೆ, ಹೊಗೆ ಅಡುಗೆ ಮನೆಗೆ ತಿರುಗುತ್ತದೆ. ಮೊದಲೇ ಒಳಅಳತೆ ಬರೆದಿಟ್ಟುಕೊಂಡು, ಮುಗಿದ ಮೇಲೆ ಟೇಪು ಹಿಡಿದು ನೋಡಿ.

ಕಟ್ಟೆಯೇ ಬಿರಿದಿದ್ದರೆ

ತಳ ಗಟ್ಟಿಯಿದ್ದು, ಹಿಗ್ಗಿನ ಗೆರೆ ಮಾತ್ರ ಇರುವ ಕಟ್ಟೆಯನ್ನು ಉಳಿಸಿಕೊಳ್ಳಬಹುದು. ಆದರೆ ಬಿರುಕು ತುಂಬುವುದು ಇಲ್ಲಿ ಕೊನೆಯ ಕೆಲಸ. ಮೊದಲ ಕೆಲಸ ಕೆಂಡದ ಬಿಸಿ ಸ್ಲ್ಯಾಬಿಗೆ ಇಳಿಯದ ಹಾಗೆ ನಡುವೆ ತಡೆ ಹಾಕುವುದು. ಒಲೆಯನ್ನು ಎತ್ತಬೇಕಾಗುತ್ತದೆ. ಮಣ್ಣಿನ ಒಲೆ ಎತ್ತಲು ಬಾರದು, ಒಡೆಯಲೇಬೇಕು. ಅದರ ಬೆಂದ ಮಣ್ಣನ್ನು ಎಸೆಯಬೇಡಿ, ಕುಟ್ಟಿದರೆ ಹೊಸ ಒಲೆಗೆ ಪುಡಿಯಾಯಿತು.

ತಡೆಯ ಭಾರ ಕಡಿಮೆ ಇಲ್ಲ. ಮೂರಡಿಗೆ ಎರಡಡಿ ಜಾಗಕ್ಕೆ ಒಂದು ವರಸೆ ಇಟ್ಟಿಗೆ ಹಾಸಿದರೆ ಇಪ್ಪತ್ತೊಂದು ಇಟ್ಟಿಗೆ, ಹತ್ತಿರ ಹತ್ತಿರ 65 ಕಿಲೋ. ಮೇಲೆ ಇನ್ನೂ ವರಸೆ ಬರುತ್ತದೆ, ಒಲೆ ಬರುತ್ತದೆ, ತುಂಬಿದ ಪಾತ್ರೆ ಬರುತ್ತದೆ. ಹಾಗಾಗಿ ಗೂಡಿನೊಳಗೆ ಸ್ಲ್ಯಾಬಿನ ನಡುಮಧ್ಯಕ್ಕೆ ತಾಗುವಂತೆ ಒಂದು ಇಟ್ಟಿಗೆ ಗೋಡೆ ಎಬ್ಬಿಸಿ. ಸೌದೆಗೆ ಜಾಗ ಸ್ವಲ್ಪ ಕಡಿಮೆಯಾಗುತ್ತದೆ, ಆಗಲಿ.

ಸ್ಲ್ಯಾಬಿನ ಮೇಲೆ ಮೊದಲು ಸಾದಾ ಇಟ್ಟಿಗೆಯ ಸಾಲುಗಳು, ಸಾಲು ಸಾಲಿನ ನಡುವೆ ಎರಡು ಬೆರಳಗಲ ಸಂದು. ಸಂದಿನ ಒಂದು ತುದಿ ಕಟ್ಟೆಯ ಮುಂದಕ್ಕೂ ಇನ್ನೊಂದು ತುದಿ ಬದಿಗೋ ಹಿಂದಕ್ಕೋ ತೆರೆದಿರಬೇಕು, ಗಾಳಿ ಆಡಬೇಕು. ನಮ್ಮ ಮೇಸ್ತ್ರಿ ಆ ಸಂದುಗಳನ್ನು ನೋಡಿ, "ಇದೆಂತಕ್ಕೆ ಅಮ್ಮಾ ಖಾಲಿ? ಇಲಿ ಹೋಗ್ತದೆ, ಗಾರೆ ತುಂಬ್ತೆ" ಎಂದು ಕರಣೆ ಎತ್ತಿಯೇಬಿಟ್ಟಿದ್ದರು. ಇಲಿಯ ಮಾತು ಸುಳ್ಳಲ್ಲ, ಬಾಯಿಗೆ ಜಾಲರಿ ಹೊಡೆಸಿದೆ. ಗಾರೆ ತುಂಬಿದ್ದರೆ ಮಾಡಿದ್ದೆಲ್ಲ ನೀರುಪಾಲು.

ಸಾಲಿನ ಮೇಲೆ ಹಳೇ ಹಂಚು ಒತ್ತೊತ್ತಾಗಿ ಮುಚ್ಚಿ. ಅದರ ಮೇಲೆ ಜರಡಿ ಹಿಡಿದ ಒಣ ಬೂದಿ ಮತ್ತು ಮರಳು ಸಮಸಮ ಬೆರೆಸಿ ಒಂದೂವರೆ ಇಂಚು ಹರಡಿ, ಮಟ್ಟ ಮಾಡಿ. ಅದರ ಮೇಲೆ ಕೆಂಡ ಬೀಳುವ ಜಾಗಕ್ಕಷ್ಟೇ ಫೈರ್ ಬ್ರಿಕ್. ಬೇಕರಿ ಭಟ್ಟಿ, ಬಾಯ್ಲರು ಕಟ್ಟುವವರಿಗೆ ಸಾಮಾನು ಮಾರುವ ಅಂಗಡಿಗಳಲ್ಲಿ ಇದು ಸಿಗುತ್ತದೆ. ಸಾಮಾನ್ಯ ಅಳತೆ 9 ಇಂಚು, 4½ ಇಂಚು, 3 ಇಂಚು. ಇದನ್ನು ಕೂರಿಸಲು ಸಿಮೆಂಟು ಬೇಡ, ಅದೇ ಅಂಗಡಿಯ ಫೈರ್ ಕ್ಲೇ ಅಥವಾ ನಿಮ್ಮ ಬಿಲ್ಲೆಯಲ್ಲಿ ಗೆದ್ದ ಮಣ್ಣು ಸಾಕು, ಸಂದು ಆದಷ್ಟು ತೆಳ್ಳಗಿರಲಿ. ಫೈರ್ ಬ್ರಿಕ್ ಬಿಸಿ ತಾಳುತ್ತದೆ, ಆದರೆ ಬಿಸಿ ತಡೆಯುವುದರಲ್ಲಿ ದೊಡ್ಡ ಶೂರ ಅಲ್ಲ. ತಡೆಯುವುದು ಅದರಡಿಯ ಬೂದಿ ಮತ್ತು ಗಾಳಿ. ದುಬಾರಿ ಇಟ್ಟಿಗೆ ಹಾಕಿದ್ದೇನೆ, ಇನ್ನೇನು ಬೇಡ ಎಂದು ಅದನ್ನು ನೇರ ಸ್ಲ್ಯಾಬಿನ ಮೇಲೆ ಇಟ್ಟವರ ಕಟ್ಟೆಯೂ ಬಿರಿದಿದೆ.

ಸುತ್ತ ಗೋಡೆಗೆ, ಟೈಲ್ಸಿಗೆ, ಪಕ್ಕದ ಕಟ್ಟೆಗೆ ತಾಗಿಸದೆ ಅರ್ಧ ಇಂಚು ಬಿಡಿ. ಆ ಸಂದಿಗೆ ಒಣ ಬೂದಿ ತುಂಬಿ. ನೋಡಲು ಅಸಹ್ಯ ಎನಿಸಿದರೆ ಮೇಲೆ ಮಣ್ಣಿನಿಂದ ತೆಳ್ಳಗೆ ಸಾರಿಸಿ, ಸಿಮೆಂಟು ಮಾತ್ರ ಬೇಡ. ಒಲೆಬಾಯಿಯ ಆಂಗಲ್ ಕಿತ್ತು ಹಾಕಿ. ಹಂಡೆಗೆ ಸರಳು ಬೇಕೇ ಬೇಕಾದರೆ ಅದರ ತುದಿ ಕೂರುವ ಗೂಡು ಸರಳಿಗಿಂತ ಅರ್ಧ ಇಂಚು ಆಳವಾಗಿರಲಿ, ಸರಳು ಅಲ್ಲಾಡುತ್ತಿರಲಿ. ಅಲ್ಲಾಡುವ ಸರಳು ಕಂಡರೆ ಬಂದವರೆಲ್ಲ ಸಡಿಲ ಇದೆ ಅನ್ನುತ್ತಾರೆ, ಅನ್ನಲಿ.

ಇಷ್ಟಾದ ಮೇಲೆ ಸ್ಲ್ಯಾಬಿನ ಬಿರುಕನ್ನು, ಒಲೆಯಿಂದ ದೂರದ ಕಾಣುವ ಅಂಚಿನಲ್ಲಿ ಮಾತ್ರ, ಸಿಮೆಂಟಿನಿಂದ ಮುಚ್ಚಬಹುದು. ಅಲ್ಲಿಗೆ ಈಗ ಬಿಸಿ ಬರುವುದಿಲ್ಲ.

ಈ ಏರ್ಪಾಟಿಗೆ ಒಂದು ಸಂಕಟ ಇದೆ, ಕಟ್ಟೆ ಏಳೆಂಟು ಇಂಚು ಏರುತ್ತದೆ. ನಾನು ಗಿಡ್ಡಿ, ಈಗ ಮಣೆ ಇಟ್ಟುಕೊಂಡು ನಿಂತು ಹುಳಿ ಕುದಿಸುತ್ತೇನೆ. ಹೊಸದಾಗಿ ಕಟ್ಟಿಸುವವರು ಇದನ್ನು ಮೊದಲೇ ಕಳೆದು ಸ್ಲ್ಯಾಬು ಹಾಕಿಸಿ. ಅದಕ್ಕಿಂತ ಒಲೆಯಡಿಗೆ ಸ್ಲ್ಯಾಬೇ ಇಲ್ಲದೆ, ಸುತ್ತ ಇಟ್ಟಿಗೆಯೋ ಜಂಬಿಟ್ಟಿಗೆಯೋ ಕಟ್ಟಿ ಒಳಗೆ ಮಣ್ಣು ತುಂಬಿ ದಮ್ಮಸು ಮಾಡಿದ ಕಟ್ಟೆಯೇ ವಾಸಿ. ಅದರಲ್ಲಿ ಬಿರಿಯಲು ಸ್ಲ್ಯಾಬೂ ಇಲ್ಲ, ತುಕ್ಕು ಹಿಡಿಯಲು ಸರಳೂ ಇಲ್ಲ.

ಮೊದಲ ಬೆಂಕಿ

ಕೆಲಸ ಮುಗಿದ ದಿನವೇ ಹಾಲುಕ್ಕಿಸುವ ಆಸೆ ಬೇಡ. ಒಂದು ಲೋಟ ನೀರು ಆವಿಯಾದರೆ ಸುಮಾರು 1,600 ಲೋಟದಷ್ಟು ಜಾಗ ಕೇಳುತ್ತದೆ. ಹಸಿ ಮಣ್ಣಿನೊಳಗೆ ಆ ಜಾಗ ಎಲ್ಲಿದೆ? ಎರಡು ಮೂರು ವಾರ ನೆರಳಲ್ಲಿ ಆರಲಿ. ಆಮೇಲೆ ತೆಂಗಿನ ಸಿಪ್ಪೆಯಲ್ಲಿ ಹತ್ತು ಹದಿನೈದು ನಿಮಿಷದ ಉರಿ, ತಣಿಯಲು ಬಿಡಿ. ಮರುದಿನ ಅರ್ಧ ಗಂಟೆ. ಹೀಗೆ ಒಂದು ವಾರ ಏರಿಸುತ್ತ ಹೋಗಿ, ಕೊನೆಗೆ ಸೌದೆ. ಹೊರಮೈಗೆ ಕನ್ನಡಿ ಹಿಡಿದು ನೋಡಿ, ಮಂಜು ಕಟ್ಟಿದರೆ ಒಳಗೆ ಇನ್ನೂ ತೇವ ಇದೆ.

ದಿನದ ಬಳಕೆಯಲ್ಲಿ

ಬೂದಿಯನ್ನು ಪೂರ್ತಿ ಬಳಿಯಬೇಡಿ. ತಳದಲ್ಲಿ ಯಾವಾಗಲೂ ಒಂದು ಇಂಚು ಇರಲಿ. ಹಿಂದಿನವರು ರಾತ್ರಿ ಕೆಂಡದ ಮೇಲೆ ಬೂದಿ ಮುಚ್ಚಿಟ್ಟು ಬೆಳಿಗ್ಗೆ ಅದರಲ್ಲೇ ಬೆಂಕಿ ಮಾಡಿಕೊಳ್ಳುತ್ತಿದ್ದರು. ಬಿಸಿಯನ್ನು ಹಿಡಿದಿಡುವ ಅದೇ ಬೂದಿ ಕೆಳಗೆ ಕಟ್ಟೆಯನ್ನೂ ಕಾಯುತ್ತಿತ್ತು. ನಮ್ಮ ಹೊಸ ಕಟ್ಟೆ ಹೊಳೆಯುತ್ತಿರಲಿ ಎಂದು ನಾನು ದಿನಾ ಬೂದಿಯೆಲ್ಲ ಗುಡಿಸಿ ತೆಗೆಯುತ್ತಿದ್ದೆ. ಆ ಮೊದಲ ಬಿರುಕಿನಲ್ಲಿ ನನ್ನ ಪಾಲೂ ಇದೆ.

ಕೆಂಡಕ್ಕೆ ನೀರು ಹೊಯ್ಯಬೇಡಿ, ಇಕ್ಕಳದಲ್ಲಿ ತೆಗೆದು ಹೊರಗೆ ಆರಿಸಿ. ಉದ್ದದ ಕುಂಟೆಯನ್ನು ಒಳಗೆ ತಳ್ಳುವಾಗ ಹಿಂದಿನ ಗೋಡೆಗೆ ಗುದ್ದಬೇಡಿ. ಸಾರಿಸುವುದಿದ್ದರೆ ಕಟ್ಟೆ ಪೂರ್ತಿ ತಣಿದ ಮೇಲೆ, ಬೆಳಿಗ್ಗೆ.

ಅಡಿಕೆ ಬೇಯಿಸುವ ಒಲೆಗೆ ಇನ್ನೊಂದು ಮಾತು ಸೇರಿಸಬೇಕು. ಅದು ವರ್ಷದಲ್ಲಿ ಎಂಟು ತಿಂಗಳು ಸುಮ್ಮನಿದ್ದು, ಮಳೆಗಾಲವಿಡೀ ತೇವ ಕುಡಿದು, ಸುಗ್ಗಿ ಶುರುವಾದ ದಿನ ಒಮ್ಮೆಲೇ ದೊಡ್ಡ ಹಂಡೆಯಡಿ ರಾತ್ರಿಯೆಲ್ಲ ಉರಿಯುತ್ತದೆ. ಅಡಿಕೆ ಗೊನೆಯ ಕೊಯ್ಲು ಶುರುವಾಗಲು ವಾರ ಇರುವಾಗಲೇ ಅದರ ಮೇಲಿನ ಅಡಿಕೆ ದಬ್ಬೆ, ಸೋಗೆ ಎಲ್ಲ ತೆಗೆದು ಬಿಸಿಲು ಬೀಳಲು ಬಿಡಿ. ಆಮೇಲೆ ಮೂರು ಸಂಜೆ, ಖಾಲಿ ಒಲೆಯಲ್ಲಿ, ಅಡಿಕೆ ಸಿಪ್ಪೆಯ ಸಣ್ಣ ಉರಿ ಹಾಕಿ. ಹೋದ ವರ್ಷದ ಸಣ್ಣ ಬಿರುಕುಗಳಿಗೆ ಮಣ್ಣು ತುಂಬುವುದಿದ್ದರೆ ಅದಕ್ಕೂ ಮೊದಲೇ, ನವರಾತ್ರಿಯ ಹೊತ್ತಿಗೆ ಮುಗಿಸಿಕೊಳ್ಳಿ, ಒಣಗಲು ದಿನ ಸಿಗುತ್ತದೆ.